ಹೊಳೆವ್ವನ ಎಡಗೈ

ರಾಯಬಾಗ ಊರು ಒಂದು ಕಡೆ, ರಾಯಬಾಗ ಸ್ಟೇಷನ್ ಇನ್ನೊಂದು ಕಡೆ. ನಡುವಿನ ದಾರಿ ಬೆಳಗಿನ ಅವಸರದಲ್ಲಿ ನಡೆದು ಮುಗಿಯುವಂಥದ್ದಲ್ಲ. ಮಿರಜ ಕಡೆಗೆ ಕೆಲಸಕ್ಕೆ ಹೋಗುವವರು, ದವಾಖಾನೆಗೆ ಹೋಗುವವರು, ಎಲ್ಲರೂ ಸೈಕಲ್ಲಿನ ಮೇಲೋ ಮೋಟರ್ ಸೈಕಲ್ಲಿನ ಮೇಲೋ ಸ್ಟೇಷನ್ನಿನ ತನಕ ಬಂದು, ಅದನ್ನು ಹೊಳೆವ್ವನ ಕೈಗೆ ಒಪ್ಪಿಸಿ ರೈಲು ಹತ್ತುತ್ತಿದ್ದರು. ಬೆಲ್ಲದ ವ್ಯಾಪಾರಿ ಸತ್ಯಪ್ಪನ ಹಳೆಯ ವಖಾರಿಯ ಪಕ್ಕ, ಬೇವಿನ ಮರದ ಕೆಳಗೆ ತಗಡಿನ ಒಂದು ಚಪ್ಪರವಿತ್ತು. ಅದು ಅವಳ ಸೈಕಲ್ ಸ್ಟ್ಯಾಂಡು; ಅದರ ಹಿಂದೆಯೇ ಮನೆ.

ಹೊಳೆವ್ವ ಕಬ್ಬೂರಿನಲ್ಲಿ ಹುಟ್ಟಿದವಳು. ಗಂಡ ಕಾಮಣ್ಣ ಸ್ಟೇಷನ್ನಿನಲ್ಲಿ ಬೆಲ್ಲದ ಪೆಂಟೆ, ಆ ದೊಡ್ಡ ಅಚ್ಚುಗಳನ್ನು, ಹೊರುವ ಹಮಾಲ. ಒಂದು ಸುಗ್ಗಿಯಲ್ಲಿ ಸತ್ಯಪ್ಪನ ವಖಾರಿಯಲ್ಲಿ ಒಟ್ಟಿದ ಪೆಂಟೆಗಳು ಜಾರಿ ಅವನ ಸೊಂಟದ ಮೇಲೆ ಬಿದ್ದವು. ತಿಂಗಳುಗಟ್ಟಲೆ ಮಲಗಿ ಎದ್ದ ಮೇಲೆ ನಡೆಯಲು ಬಂತು, ಭಾರ ಎತ್ತಲು ಬರಲಿಲ್ಲ. ಸತ್ಯಪ್ಪನಿಗೆ ಮನಸ್ಸು ಚುಚ್ಚಿರಬೇಕು, ವಖಾರಿಯ ಪಕ್ಕದ ಜಾಗ ತೋರಿಸಿ, "ಇಲ್ಲಿ ಸೈಕಲ್ ಕಾಯ್ಕೋತ ಕುಂಡ್ರವಾ, ಬಾಡಿಗಿ ಬ್ಯಾಡ," ಎಂದ.

ಮೊದಮೊದಲು ಸೈಕಲ್ಲುಗಳೇ ಬರುತ್ತಿದ್ದವು. ಮೋಟರ್ ಸೈಕಲ್ಲಿನವರು ತಾವೇ ಸ್ಟ್ಯಾಂಡ್ ಹಾಕಿ ಹೋಗುತ್ತಿದ್ದರು; ಹೆಣ್ಣುಮಗಳ ಕೈಗೆ ಅದು ನೀಗುವುದಲ್ಲ ಎಂದು ಅವರ ಎಣಿಕೆ. ಒಂದು ಬೆಳಿಗ್ಗೆ ರೈಲು ಸಿಳ್ಳೆ ಹಾಕಿದಾಗ ಯಾರೋ ಒಬ್ಬ ತನ್ನ ರಾಜದೂತನ್ನು ಅವಳ ಮೈಮೇಲೆ ಒರಗಿಸಿಯೇ ಓಡಿದ. ಹೊಳೆವ್ವ ಅದನ್ನು ಹಿಡಿದು ನಿಂತಳು. ಕಾಮಣ್ಣ ಸೊಂಟ ಹಿಡಿದುಕೊಂಡು ಎದ್ದು ಬರುವುದರೊಳಗೆ, ಗಂಡಸರು ಮಾಡುವುದನ್ನು ದಿನಾ ನೋಡಿದ್ದವಳು, ಸ್ಟ್ಯಾಂಡಿನ ಮೇಲೆ ಕಾಲಿಟ್ಟು ಮೈಭಾರ ಬಿಟ್ಟಳು. ಗಾಡಿ ತಾನಾಗಿ ಹಿಂದಕ್ಕೆ ಹತ್ತಿ ಕೂತಿತು.

"ತೋಳಿಂದ ಎಳಿಯೂದಲ್ಲ ಇದು, ಕಾಲಿಂದ ಒತ್ತೂದು," ಎಂದು ಗಂಡನಿಗೆ ಹೇಳಿ ನಕ್ಕಳು.

ಅಲ್ಲಿಂದ ಮುಂದೆ ಬುಲೆಟ್ಟು ಬರಲಿ, ಬಜಾಜ್ ಸ್ಕೂಟರ್ ಬರಲಿ, ಅವಳೇ ತಳ್ಳಿ, ಅವಳೇ ನಿಲ್ಲಿಸಿ, ನಂಬರ್ ಕೊರೆದ ತಗಡಿನ ಬಿಲ್ಲೆ ಕೊಡುತ್ತಿದ್ದಳು. ಆ ಸ್ಟ್ಯಾಂಡಿನ ದುಡಿತದಲ್ಲೇ ಒಬ್ಬಳೇ ಮಗಳು ರಾಮವ್ವನನ್ನು ಮುಗಳಖೋಡಕ್ಕೆ ಕೊಟ್ಟು ಮದುವೆ ಮಾಡಿದಳು.

ಅವಳ ಎಡ ಮೊಣಕೈ ಕೆಳಗೆ ಒಂದು ಮಚ್ಚೆ ಎದ್ದದ್ದು ಯಾವಾಗ ಎಂದು ಅವಳಿಗೇ ತಿಳಿಯದು. ಬಣ್ಣ ಮಾಸಿದ ಹಾಗೆ ಬೆಳ್ಳಗಿನ ಕಲೆ. ತುರಿಸುತ್ತಿರಲಿಲ್ಲ, ನೋಯುತ್ತಿರಲಿಲ್ಲ. ಸ್ನಾನ ಮಾಡುವಾಗ ಕಣ್ಣಿಗೆ ಬಿದ್ದರೆ ಬೇವಿನೆಣ್ಣೆ ಸವರುತ್ತಿದ್ದಳು, ಕುಪ್ಪಸದ ತೋಳನ್ನು ಇಷ್ಟು ಕೆಳಗೆ ಎಳೆದುಕೊಳ್ಳುತ್ತಿದ್ದಳು, ಮರೆಯುತ್ತಿದ್ದಳು. ರೊಟ್ಟಿ ಮಾಡುವಾಗ ಕಿರುಬೆರಳಿನಲ್ಲಿ ಬೊಬ್ಬೆ ಎದ್ದದ್ದು ಮರುದಿನ ಕಾಣುತ್ತಿತ್ತು. ಯಾವಾಗ ಸುಟ್ಟಿತೋ ನೆನಪಾಗುತ್ತಿರಲಿಲ್ಲ. ಕಾಮಣ್ಣ ಕೇಳಿದರೆ, "ದುಡಿಯೋ ಕೈ, ದಡ್ಡುಗಟ್ಟೇತಿ," ಎನ್ನುತ್ತಿದ್ದಳು. ಅವನೂ ಹಮಾಲನಾಗಿದ್ದವನು, ದಡ್ಡುಗಟ್ಟಿದ ಕೈ ಅವನಿಗೆ ಹೊಸದಲ್ಲ.

ಎಂಬತ್ತೇಳನೆಯ ಇಸವಿಯ ಚಳಿಗಾಲ. ಕಬ್ಬು ಕಟಾವಿನ ದಿನಗಳು. ಬಾಳಾಸಾಬ ಎಂಬ ಗುಮಾಸ್ತ ಊರಿನಿಂದ ತನ್ನ ಯೆಜ್ಡಿ ಓಡಿಸಿಕೊಂಡು ಬಂದ. ದಿನಾ ರೈಲಿನಲ್ಲಿ ಉಗಾರಕ್ಕೆ ಹೋಗಿ ಬರುವವನು ಅವನು. ಗಾಡಿಯ ಮೇಲೆ ಬಹಳ ಜೀವ. ಮೊನ್ನೆಯಷ್ಟೇ ಅದಕ್ಕೆ ಹೊಸ ಬಣ್ಣ ಹಚ್ಚಿಸಿದ್ದ. ಹೊಳೆವ್ವ ಅದನ್ನು ಸಾಲಿನ ತುದಿಗೆ ನಿಲ್ಲಿಸಿ ಬಿಲ್ಲೆ ಕೊಟ್ಟಳು. ಅವನು ಟಿಕೆಟ್ಟಿನ ಕಿಂಡಿಯ ಕಡೆ ನಡೆದ. ರೈಲು ಹಿಂದಿನ ಸ್ಟೇಷನ್ ಚಿಕ್ಕೋಡಿ ರೋಡನ್ನೇ ಇನ್ನೂ ಬಿಟ್ಟಿರಲಿಲ್ಲ.

ಅಷ್ಟರಲ್ಲಿ ಹಾಲಿನವನೊಬ್ಬ ಒಳಗೆ ಸಿಕ್ಕಿಕೊಂಡಿದ್ದ ತನ್ನ ಸೈಕಲ್ ಕೇಳಿದ. ಯೆಜ್ಡಿಯನ್ನು ಒಂದು ಮೊಳ ಸರಿಸಿದರೆ ದಾರಿಯಾಗುತ್ತಿತ್ತು. ಹೊಳೆವ್ವ ಅದನ್ನು ಸ್ಟ್ಯಾಂಡಿನಿಂದ ಇಳಿಸಿದಳು. ಸಾವಿರ ಸಲ ಮಾಡಿದ ಕೆಲಸ. ಗಾಡಿ ಆಚೆಗೆ ವಾಲಿತು. ವಾಲಿದ್ದನ್ನು ಎಳೆದುಕೊಳ್ಳಲು ಎಡಗೈಗೆ ಹಿಡಿ ಎಂದಳು, ಎಡಗೈ ಹಿಡಿಯಲಿಲ್ಲ. ಬೆರಳುಗಳು ಹ್ಯಾಂಡಲಿನಿಂದ ಒಂದೊಂದಾಗಿ ಬಿಚ್ಚಿಕೊಳ್ಳುವುದನ್ನು ಅವಳು ಕಣ್ಣಾರೆ ಕಂಡಳು. ಅಷ್ಟು ಭಾರದ ಗಾಡಿ ಧಡಕ್ಕನೆ ಮಗ್ಗುಲಾಗಿ ಬಿತ್ತು. ಕನ್ನಡಿ ಒಡೆದು ಚೂರಾಯಿತು. ಪೆಟ್ರೋಲು ಸೋರಿ ವಾಸನೆ ಎದ್ದಿತು.

ಎದುರಿನ ಚಹಾದಂಗಡಿಯಲ್ಲಿ ಕೂತವರೆಲ್ಲ ಹೊರಳಿ ನೋಡಿದರು. ಬಾಳಾಸಾಬ ಟಿಕೆಟ್ಟಿನ ಸಾಲು ಬಿಟ್ಟು ಓಡಿಬಂದ.

"ಏನ್ ಮಾಡಿದ್ಯವಾ! ಮೊನ್ನೆರ ಬಣ್ಣಾ ಹಚ್ಚಿಸೇನಿ. ಆಗೂದಿಲ್ಲಂದ್ರ ಯಾಕ ಕೈ ಹಚ್ತಿ?"

"ತಪ್ಪಾತ್ರಿ ಸಾಹೇಬ್ರ. ಈಗ ಎತ್ತತೀನ್ರಿ."

ಇಷ್ಟು ವರ್ಷಗಳಲ್ಲಿ ಒಂದು ಸೈಕಲ್ಲನ್ನೂ ಬೀಳಿಸದವಳು. ಮುಖ ಎತ್ತಿ ಯಾರನ್ನೂ ನೋಡಲಾಗಲಿಲ್ಲ. ಯಾರಾದರೂ ಬಂದು ಕೈಹಚ್ಚುವ ಮೊದಲೇ ಎತ್ತಿ ನಿಲ್ಲಿಸಿಬಿಡಬೇಕು ಎಂದು ಸುತ್ತಿ ಬಂದು ಬಗ್ಗಿದಳು. ಬಲಗೈ ಹ್ಯಾಂಡಲಿಗೆ ಹಾಕಿ, ಎಡಗೈಗೆ ಕೆಳಗೆ ಸಿಕ್ಕಿದ್ದನ್ನು ಹಿಡಿದು, ಉಸಿರು ಕಟ್ಟಿ ಎತ್ತತೊಡಗಿದಳು.

ಬಾಳಾಸಾಬ ಇನ್ನೂ ಏನೋ ಬೈಯುವವನಿದ್ದ. ಬೈಗುಳ ಬಾಯಲ್ಲೇ ನಿಂತಿತು.

"ಕೈ ತಗಿ!"

"ತಡೀರ್ರಿ, ಏಳಾಕತ್ತೇತಿ."

"ಕೈ ತಗಿ ಹೊಳೆವ್ವಾ! ಸೈಲೆನ್ಸರ್ ಅದು, ಸುಡಾಕತ್ತೇತಿ ಕೈ!"

ಅವಳಿಗೆ ಅವನು ಹೇಳುವುದು ಅರ್ಥವಾಗಲಿಲ್ಲ. ಅವನು ಅವಳ ಹೆಗಲು ಹಿಡಿದು ಹಿಂದಕ್ಕೆ ಎಳೆದ. ಗಾಡಿ ಮತ್ತೆ ಬಿತ್ತು. ಊರಿನಿಂದ ಸ್ಟೇಷನ್ನಿನ ತನಕ ಓಡಿ ಕಾದಿದ್ದ ಕೊಳವೆಯ ಮೇಲೆ ಅವಳ ಅಂಗೈಯ ಅಂಚಿನ ತೊಗಲು ಅಂಟಿಕೊಂಡು ಹೊಗೆಯಾಡುತ್ತಿತ್ತು. ಹೊಳೆವ್ವ ಕೈಯನ್ನು ಮುಖದ ಹತ್ತಿರ ತಂದು, ಬೇರೆ ಯಾರದೋ ಕೈ ಎನ್ನುವ ಹಾಗೆ ತಿರುಗಿಸಿ ನೋಡಿದಳು.

"ಏನೂ ಆಗಿಲ್ರಿ," ಎಂದಳು. "ನೋವ ಇಲ್ರಿ."

ಕಾಮಣ್ಣ ನೀರಿನ ತಂಬಿಗೆ ತಂದು ಕೈಗೆ ಸುರಿದ. ರೈಲು ಬಂದು ನಿಂತಿತು. ಬಾಳಾಸಾಬ ರೈಲಿನ ಕಡೆ ನೋಡಲಿಲ್ಲ. ಒಡೆದ ಕನ್ನಡಿಯ ಮಾತನ್ನೂ ಎತ್ತಲಿಲ್ಲ. ತಗ್ಗಿದ ದನಿಯಲ್ಲಿ ಕೇಳಿದ:

"ಅಕ್ಕಾ, ಮೈಮ್ಯಾಲ ಎಲ್ಲೆರೆ ಮಚ್ಚಿ ಅದಾವೇನು? ಬೆಳ್ಳನ ಮಚ್ಚಿ, ಮುಟ್ಟಿದ್ರ ತಿಳಿಯಂಗಿಲ್ಲ, ಅಂಥವು?"

ಹೊಳೆವ್ವ ಸೆರಗನ್ನು ತೋಳಿನ ಮೇಲೆ ಎಳೆದುಕೊಂಡಳು. ಅವನ ಮುಖ ನೋಡಿದ ಮೇಲೆ ಅವಳಿಗೆ ಕೇಳುವುದೇನೂ ಉಳಿದಿರಲಿಲ್ಲ.

"ನಾಳೆ ನನ್ನ ಜೋಡಿ ಮಿರಜಕ್ಕ ಬಾ," ಎಂದ.

"ಸುಟ್ಟ ಗಾಯಕ್ಕ ಮಿರಜ ಯಾಕ್ರಿ? ಬೆಣ್ಣಿ ಹಚ್ಚಿದ್ರ ಮಾಯತೈತಿ."

"ಕರಕೊಂಡ ಹೋಗ್ರಿ," ಎಂದು ಕಾಮಣ್ಣ ಹೆಂಡತಿಯ ಪರವಾಗಿ ಮಾತು ಕೊಟ್ಟ.

ಮರುದಿನ ರೈಲಿನಲ್ಲಿ ಹೊಳೆವ್ವ, ಬಾಳಾಸಾಬ ಇಬ್ಬರೂ ಒಂದೇ ಬೆಂಚಿನ ಮೇಲೆ ಕೂತು ಹೋದರು. ಚಿಂಚಲಿ ದಾಟಿತು, ಕುಡಚಿ ದಾಟಿತು, ಹೊಳೆಯ ಸೇತುವೆಯ ಸಪ್ಪಳ ಬಂತು. ಇಳಿಯಬೇಕಾದ ಉಗಾರ ಬಂದಾಗಲೂ ಬಾಳಾಸಾಬ ಏಳಲಿಲ್ಲ. ಅಲ್ಲಿಂದ ಮುಂದಕ್ಕೆ ಹೋದ ಮೇಲೆ ತಾನಾಗಿಯೇ ಹೇಳಿದ.

"ನಮ್ಮ ಕಾಕಾ ಒಬ್ಬ ಇದ್ದ. ತೋಟದಾಗ ಒಂದ ಗುಡಿಸಲಾ ಹಾಕಿ ಅಲ್ಲೇ ಇಟ್ಟಿದ್ರು ಅವನ್ನ. ನಾ ಸಣ್ಣಾಂವ, ರೊಟ್ಟಿ ಬುಟ್ಟಿ ಒಯ್ದು ಬದುವಿನ ಮ್ಯಾಲ ಇಟ್ಟ ಓಡಿ ಬರ್ತಿದ್ನಿ. ಒಂದಿನಾ ನೋಡತೀನಿ, ಒಲಿ ಮುಂದ ಕುಂತಾನ, ಕಾಲಬೆರಳು ಕೆಂಡದಾಗ ಐತಿ. ನನ್ನ ನೋಡಿ, 'ಏನೋ ಸೀದ ವಾಸ್ನಿ ಬರಾಕತ್ತೇತಿ, ನೋಡಪಾ ತಮ್ಮಾ,' ಅಂದ."

ಹೊಳೆವ್ವ ಬಟ್ಟೆ ಸುತ್ತಿದ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ಕಿಟಕಿಯ ಹೊರಗೆ ನೋಡುತ್ತಿದ್ದಳು. "ನಿಮ್ಮ ಕಾಕಾ ಎಷ್ಟ ದಿನಾ ಬದುಕಿದ್ರಿ?" ಎಂದಷ್ಟೇ ಕೇಳಿದಳು.

"ಭಾಳ ದಿನಾ. ಅದ ಕೆಟ್ಟ ಆತು."

ಮಿರಜದ ದವಾಖಾನೆಯಲ್ಲಿ ಒಬ್ಬಳು ನರ್ಸು ಅವಳನ್ನು ಸ್ಟೂಲಿನ ಮೇಲೆ ಕೂಡಿಸಿದಳು. "ಮಾವಶೀ, ಡೋಳೆ ಮಿಟಾ," ಎಂದು ಮರಾಠಿಯಲ್ಲಿ ಕಣ್ಣು ಮುಚ್ಚಲು ಹೇಳಿ, ಹತ್ತಿಯ ಎಳೆಯಿಂದ ಕೈ ಮುಟ್ಟುತ್ತೇನೆ, ಎಲ್ಲಿ ಮುಟ್ಟಿದ್ದು ತಿಳಿಯುತ್ತದೋ ಅಲ್ಲಿ ಬೆರಳಿಟ್ಟು ತೋರಿಸು ಎಂದಳು. ಹೊಳೆವ್ವ ಕಣ್ಣು ಮುಚ್ಚಿದಳು. ಬಲಗೈಯ ಮೇಲೆ ಹತ್ತಿ ಆಡಿದ್ದು ತಿಳಿಯಿತು, ತೋರಿಸಿದಳು. ಎಡಗೈಯ ಹೆಬ್ಬೆರಳಿನ ಹತ್ತಿರವೂ ತೋರಿಸಿದಳು. ಆಮೇಲೆ ಕಾಯುತ್ತ ಕೂತಳು. ಆಚೆ ಯಾವುದೋ ಕೂಸು ಅಳುತ್ತಿತ್ತು. ನರ್ಸು ಎದ್ದುಹೋಗಿರಬೇಕು, ಬೇರೆ ಕೆಲಸ ಬಂದಿರಬೇಕು ಎಂದುಕೊಂಡಳು. ಎಷ್ಟು ಹೊತ್ತಾದರೂ ಹತ್ತಿ ತಾಗದಿರಲು ಕಣ್ಣು ಬಿಟ್ಟು ನೋಡಿದಳು. ನರ್ಸು ಎದುರಿಗೇ ಕೂತಿದ್ದಳು. ಹತ್ತಿ ಬದಿಗಿಟ್ಟು, ಗುಂಡುಸೂಜಿಯ ಮೊನೆಯನ್ನು ಅವಳ ಕಿರುಬೆರಳಿಗೆ ಒತ್ತಿ ಹಿಡಿದಿದ್ದಳು.

ಆಗ ಹೊಳೆವ್ವ ಅತ್ತಳು. ಕೈ ಸುಟ್ಟಾಗಲೂ ಅಳದಿದ್ದವಳು, ಆ ಸೂಜಿ ಕಂಡು ಅತ್ತಳು.

ಡಾಕ್ಟರಮ್ಮ ವಯಸ್ಸಾದವರು. ಮೊಣಕೈ ಸಂದಿನ ನರವನ್ನು ಬೆರಳಿನಿಂದ ಹಿಸುಕಿ ನೋಡಿದರು, ಮಚ್ಚೆ ನೋಡಿದರು. ಕುಷ್ಠ ಎಂದು ಮುಚ್ಚುಮರೆಯಿಲ್ಲದೆ ಹೇಳಿದರು. ಅವರ ಕನ್ನಡ ಅರ್ಧ ಮರಾಠಿಯಾಗಿತ್ತು. ಹೊಸ ಗುಳಿಗೆಗಳು ಬಂದಿವೆ, ವಾಸಿಯಾಗುತ್ತದೆ. ಕೆಲವನ್ನು ತಿಂಗಳಿಗೊಮ್ಮೆ ಇಲ್ಲಿಗೇ ಬಂದು ನಮ್ಮೆದುರು ನುಂಗಬೇಕು, ಉಳಿದವನ್ನು ದಿನಾ ಮನೆಯಲ್ಲಿ. ಮೂತ್ರ ಕೆಂಪಾಗುತ್ತದೆ, ರಕ್ತವೆಂದು ಹೆದರಬೇಡ. ನಡುವೆ ಬಿಡಬೇಡ ಎಂದರು. ಕಳೆದುಹೋದ ಸ್ಪರ್ಶ ಮಾತ್ರ ತಿರುಗಿ ಬರುತ್ತದೆಂದು ಹೇಳಲಾರೆ, ಇನ್ನು ಆ ಕೈಯನ್ನು ಕಣ್ಣಿನಿಂದಲೇ ಕಾಯಬೇಕು ಎಂದರು.

ಹೊಳೆವ್ವನಿಗೆ ಕೇಳುವುದಿದ್ದದ್ದು ಒಂದೇ ಮಾತು.

"ಮಗಳು ಚೊಚ್ಚಲ ಬಸರಿ ಅದಾಳ್ರಿ ಬಾಯಾರ. ಬಾಣಂತನಕ್ಕ ಬರತಾಳ. ಕೂಸಿನ್ನ ನಾ ಮುಟ್ಟಬಹುದೇನ್ರಿ?"

"ಮುಟ್ಟು. ಎತ್ತಿಕೋ. ಗುಳಿಗಿ ಚಾಲೂ ಆದ ಮ್ಯಾಲ ನಿನ್ನಿಂದ ಯಾರಿಗೂ ಬರೂದಿಲ್ಲ."

ತಿರುಗಿ ಬರುವಾಗ ರೈಲು ಖಾಲಿಯಿತ್ತು. ಹೊಳೆವ್ವ ಕಿಟಕಿಯ ಹತ್ತಿರ ಕೂತಳು. ಬಾಳಾಸಾಬ ಎದುರಿನ ಬೆಂಚಿನ ಮೇಲೆ, ಆಚೆಯ ತುದಿಗೆ ಕೂತ. ಅವಳು ಅದನ್ನು ನೋಡಿದಳು. ನೋಡದವಳ ಹಾಗೆ ಸೆರಗು ಸರಿಮಾಡಿಕೊಂಡಳು. ಮರುದಿನದಿಂದ ಅವನು ಯೆಜ್ಡಿಯನ್ನು ತಾನೇ ತಳ್ಳಿ ತಾನೇ ನಿಲ್ಲಿಸತೊಡಗಿದ, ಬಿಲ್ಲೆಯನ್ನು ಕಾಮಣ್ಣನ ಕೈಯಿಂದ ಇಸಿದುಕೊಂಡ. ದಿನಾ, "ಗುಳಿಗಿ ತಗೊಂಡ್ಯೇನಕ್ಕಾ?" ಎಂದು ದೂರದಿಂದ ಕೇಳಿಯೇ ಹೋಗುತ್ತಿದ್ದ.

ಮಿರಜದಿಂದ ಬಂದ ಸಂಜೆಯೇ ಅವಳು ಮನೆಯಲ್ಲಿ ಕಾಮಣ್ಣನ ಮುಂದೆ ಕೂತು ಎಲ್ಲ ಹೇಳಿ, "ನೀವು ಬೇಕಂದ್ರ ಕಬ್ಬೂರಿಗೆ ಹೋಗತೀನ್ರಿ, ಅಣ್ಣನ ಕಡೆ," ಎಂದಳು.

"ನನ್ನ ಸೊಂಟಾ ಮುರದಾಗ ನೀ ಎಲ್ಲಿ ಹೋಗಿದ್ದಿ?" ಎಂದ ಕಾಮಣ್ಣ. ಆಮೇಲೆ ಅವಳು ಮಾಡಿದ ರೊಟ್ಟಿಯನ್ನು ಎಂದಿನಂತೆ ಉಂಡ.

ಮಾತು ಯಾರಿಂದ ಹೊರಬಿತ್ತೋ, ಬಿತ್ತು. ಕೆಲವರು ಅವಳ ಕೈಯಿಂದ ಬಿಲ್ಲೆ ತೆಗೆದುಕೊಳ್ಳುವುದು ಬಿಟ್ಟರು, ನೆಲದ ಮೇಲಿಡು ಎಂದರು. ಕೆಲವರು ಬರುವುದನ್ನೇ ಬಿಟ್ಟರು. ಚಹಾದಂಗಡಿಯ ಅಣ್ಣಾಸಾಬ ತನ್ನ ಹಿತ್ತಲಿಗೆ ಹಗ್ಗ ಕಟ್ಟಿ ಅಲ್ಲಿ ಸೈಕಲ್ ನಿಲ್ಲಿಸಿಕೊಳ್ಳತೊಡಗಿದ. ಹೊಳೆವ್ವ ಬೆಳಿಗ್ಗೆ ಚಪ್ಪರದ ಕೆಳಗೆ ಕಸ ಹೊಡೆದು, ನೀರು ಚಿಮುಕಿಸಿ, ಖಾಲಿ ಜಾಗವನ್ನು ನೋಡುತ್ತ ಕೂಡುತ್ತಿದ್ದಳು. ಸತ್ಯಪ್ಪನಿಗೆ ಜಾಗ ಬಿಡಿಸಿರಿ ಎಂದು ಹೇಳಿದವರಿದ್ದರು. ಅವನು ಬಿಡಿಸಲಿಲ್ಲ, ಅಷ್ಟೇ; ಮೊದಲಿನಂತೆ ಬಂದು ಮಾತಾಡಿಸಲೂ ಇಲ್ಲ.

ಇದನ್ನೆಲ್ಲ ಅವಳು ತಡೆದುಕೊಂಡಳು. ತಡೆದುಕೊಳ್ಳಲಾಗದ್ದು ಮುಗಳಖೋಡದಿಂದ ಬಂತು. ರಾಮವ್ವನ ಮಾವ ಮಲಕಾರಿ ಒಂದು ಮಧ್ಯಾಹ್ನ ಬಂದು ಬೇವಿನ ಮರದ ನೆರಳಿನ ಅಂಚಿಗೆ ನಿಂತ. ಕಾಮಣ್ಣ ಕೊಟ್ಟ ನೀರನ್ನು ಮುಟ್ಟಲಿಲ್ಲ.

"ಬೀಗರ, ಬಾಣಂತನಾ ನಾವ ಮಾಡತೀವಿ. ನೀವು ಚಿಂತಿ ಮಾಡಬ್ಯಾಡ್ರಿ."

"ಚೊಚ್ಚಲ ಬಾಣಂತನಾ ತವರಮನ್ಯಾಗ ಆಗೂದ ಪದ್ಧತಿ ಅಲ್ಲೇನ್ರಿ?" ಎಂದ ಕಾಮಣ್ಣ.

"ಪದ್ಧತಿ ಹೌದ್ರಿ. ಆದ್ರ ಮನೀಗೆ ಹುಟ್ಟೋ ಕೂಸು."

ಅಲ್ಲಿಗೆ ಮಾತು ಮುಗಿಯಿತು. ಗುಳಿಗೆ ತಗೊಂಡ ಮೇಲೆ ಬರುವುದಿಲ್ಲವೆಂದು ಡಾಕ್ಟರಮ್ಮ ಹೇಳಿದ್ದನ್ನು ಹೊಳೆವ್ವ ಹೇಳಬೇಕೆಂದಿದ್ದಳು. ಬೀಗ ಅವಳ ಕಡೆ ಒಮ್ಮೆಯೂ ನೋಡಲಿಲ್ಲ.

ಗಂಡು ಕೂಸು ಹುಟ್ಟಿತು. ಕಾಮಣ್ಣ ಒಬ್ಬನೇ ಹೋಗಿ ನೋಡಿ ಬಂದ. ಅವನಿಗೆ ಹೆಚ್ಚು ಮಾತು ಬರುತ್ತಿರಲಿಲ್ಲ. ಹೊಳೆವ್ವ ಬಿಡದೆ ಕೇಳಿದಳು: ಯಾರ ಗತೆ ಅದಾನ, ಕೂದಲು ಅದಾವೋ ಇಲ್ಲೋ, ಮುಷ್ಟಿ ಕಟ್ಟತಾನೋ ಇಲ್ಲೋ. ಅವನು ನೆನಪು ಮಾಡಿ ಮಾಡಿ ಹೇಳಿದ. ಮುಗಿದ ಮೇಲೆ ಮತ್ತೆ ಮೊದಲಿನಿಂದ ಕೇಳಿದಳು.

ತಿಂಗಳಿಗೊಮ್ಮೆ ಒಬ್ಬಳೇ ಮಿರಜಕ್ಕೆ ಹೋಗಿ ಬಂದಳು. ಬಿಡಲಿಲ್ಲ. ಎರಡು ವರ್ಷದ ಮೇಲೆ ಅದೇ ನರ್ಸು, "ಮಾವಶೀ, ಆತಾ ಯಾಯಚಂ ನಾಹೀ," ಇನ್ನು ಬರುವುದು ಬೇಡ, ಎಂದು ನಕ್ಕಳು. ರೋಗ ಹೋಗಿತ್ತು. ಮಚ್ಚೆಯ ಬಣ್ಣ ತಿರುಗಿತ್ತು. ಕಿರುಬೆರಳು, ಅದರ ಪಕ್ಕದ ಬೆರಳು ಮಾತ್ರ ಮಡಚಿಕೊಂಡೇ ಉಳಿದವು. ಗಾಡಿ ನಿಲ್ಲಿಸುವ ಹೊಸ ರೀತಿಯನ್ನು ಅವಳು ಕಲಿತಿದ್ದಳು: ಎಡಗೈಗೆ ದಪ್ಪ ಅರಿವೆ ಸುತ್ತಿ, ಸೊಂಟವನ್ನು ಸೀಟಿಗೆ ಒತ್ತಿ, ಭಾರವನ್ನೆಲ್ಲ ಬಲಗೈ ಮತ್ತು ಕಾಲಿಗೆ ಹಾಕುವುದು. ಬಿಸಿ ಗಾಡಿ ಬಂದರೆ ಆರುವ ತನಕ ಅದರ ಹತ್ತಿರ ಹೋಗುತ್ತಿರಲಿಲ್ಲ. ಸಂಜೆ ಬೆಳಕಿರುವಾಗಲೇ ಅಂಗೈ ಬಿಚ್ಚಿ, ಗೀರು ಬಿದ್ದಿದೆಯೋ, ಮುಳ್ಳು ಚುಚ್ಚಿದೆಯೋ ಎಂದು ನೋಡಿಕೊಳ್ಳುತ್ತಿದ್ದಳು.

ಜನ ಮೆಲ್ಲಗೆ ತಿರುಗಿ ಬಂದರು. ಅಣ್ಣಾಸಾಬನ ಹಿತ್ತಲಿನಿಂದ ಸೈಕಲ್ಲುಗಳು ಕಳುವಾದದ್ದೂ ಒಂದು ಕಾರಣ. ರೈಲು ಕಾಯುವುದಿಲ್ಲ, ಅವಸರದಲ್ಲಿದ್ದವರು ಅವಳ ಕೈ ಎಂಥದು ಎಂದು ನೋಡುವಷ್ಟು ಹೊತ್ತು ನಿಲ್ಲುತ್ತಿರಲಿಲ್ಲ. ಕೆಲವರು ಮಾತ್ರ ಕೊನೆಯ ತನಕ ಬರಲಿಲ್ಲ.

ಬಾಳಾಸಾಬ ಉಗಾರದಲ್ಲೇ ಮನೆ ಮಾಡಿ ಹೊರಟಾಗ ಹೇಳಿಹೋಗಲು ಬಂದ. ಯೆಜ್ಡಿಯನ್ನು ಆಚೆ ನಿಲ್ಲಿಸಿ, ಅವಳ ಎದುರಿಗೆ ಕಲ್ಲಿನ ಮೇಲೆ ಕೂತ.

"ಅಕ್ಕಾ, ಆವತ್ತ ಮಿರಜದಿಂದ ಬರೂ ಮುಂದ ನಾ ಎದರಿನ ಬೆಂಚಿಗೆ ಹೋಗಿ ಕುಂತೆ."

"ನೋಡೇನ್ರಿ."

"ಕಾಕಾಗ ಮಾಡಿದ್ದನ್ನ ನಿನಗೂ ಮಾಡಿದೆ."

"ನಿಮ್ಮ ಕಾಕಾನ್ನ ಯಾರೂ ದವಾಖಾನಿಗೆ ಕರಕೊಂಡ ಹೋಗಿದ್ದಿಲ್ಲಲ್ರಿ," ಎಂದಳು. ಆಮೇಲೆ, "ಅಂಜಿಕಿ ಯಾರಿಗಿಲ್ಲ. ನನಗೂ ನನ್ನ ಕೈ ಕಂಡ್ರ ಅಂಜಿಕಿ ಬರತೈತಿ," ಎಂದಳು. ಬಾಳಾಸಾಬ ಎದ್ದು ಹೋಗುವಾಗ ಕೈ ಮುಗಿದ. ಅವಳೂ ಮುಗಿದಳು, ಎರಡು ಮಡಚಿದ ಬೆರಳಿನ ಕೈಯನ್ನೂ ಸೇರಿಸಿ.

ಮುಗಳಖೋಡದ ಬಾಗಿಲು ಇನ್ನೂ ಮುಚ್ಚಿಯೇ ಇತ್ತು. ರಾಮವ್ವ ಎರಡನೆಯ ಸಲ ಬಸಿರಾದಾಗ ಹೊಳೆವ್ವ ಯಾರನ್ನೂ ಏನೂ ಕೇಳಲಿಲ್ಲ. ಒಂದು ದಿನ ಬಸ್ಸಿನಿಂದ ರಾಮವ್ವನೇ ಇಳಿದು ಬಂದಳು. ಒಂದು ಕೈಯಲ್ಲಿ ಗಂಟು, ಇನ್ನೊಂದು ಕೈಯಲ್ಲಿ ಮಗ.

"ಹೇಳಿ ಬಂದ್ಯೇನವಾ?" ಎಂದು ಹೊಳೆವ್ವ ಗಾಬರಿಯಾದಳು.

"ಹೇಳಿ ಬಂದೀನಿ. ಬ್ಯಾಡ ಅಂದ್ರು. ಬಂದೀನಿ." ರಾಮವ್ವ ಗಂಟು ಕೆಳಗಿಟ್ಟಳು. "ಅವರು ಮಾಡಿದ ಬಾಣಂತನಾ ಸಾಕಾಗೇತಿ ಬೇ ಯವ್ವಾ. ಒಂದರೆ ನಿನ್ನ ಕೈಲೆ ಆಗಲಿ."

ಹೆಣ್ಣು ಕೂಸು ಹುಟ್ಟಿತು. ಅದಕ್ಕೆ ಮೊದಲ ಸಲ ನೀರೆರೆಯುವ ಹೊತ್ತು ಹೊಳೆವ್ವ ಬಚ್ಚಲಲ್ಲಿ ಮಣೆಯ ಮೇಲೆ ಕೂತು, ಕಾಲು ಚಾಚಿ, ಕೂಸನ್ನು ಕಾಲಿನ ಮೇಲೆ ಹಾಕಿಕೊಂಡಳು. ಹಂಡೆಯ ನೀರನ್ನು ತಣ್ಣೀರಿನಲ್ಲಿ ಬೆರೆಸಿದ್ದಳು. ಎಡಗೈಯನ್ನು ನೀರಿಗೆ ತಾಗಿಸಲೇ ಇಲ್ಲ. ಬಲ ಮೊಣಕೈ ಅದ್ದಿ ನೋಡಿದಳು. ಒಂದು ತಂಬಿಗೆ ತಣ್ಣೀರು ಸೇರಿಸಿ ಮತ್ತೆ ಅದ್ದಿದಳು. ಆದರೂ ಧೈರ್ಯ ಬರಲಿಲ್ಲ.

"ರಾಮೀ, ನೀನೂ ಒಮ್ಮಿ ಕೈ ಅದ್ದಿ ನೋಡವಾ," ಎಂದಳು.

ರಾಮವ್ವ ಬಾಗಿಲಿಗೆ ಒರಗಿ ಕೂತಿದ್ದಳು. ಏಳಲಿಲ್ಲ. "ನೀ ನೋಡಿದಿ ಅಲ್ಲ. ಸಾಕ ಎರಿ," ಎಂದಳು.

ಹೊಳೆವ್ವ ಎರೆದಳು. ಕೂಸು ಒಮ್ಮೆ ಬೆಚ್ಚಿ, ಬಾಯಿ ತೆರೆದು ಅತ್ತು, ಬೆಚ್ಚನೆಯ ನೀರು ಬೆನ್ನಿನ ಮೇಲೆ ಇಳಿದಂತೆ ಅಳು ನಿಲ್ಲಿಸಿತು. ಅದರ ತಲೆಯ ಕೆಳಗೆ ಅವಳ ಎಡಗೈ ಇತ್ತು. ಆ ತಲೆಯ ಬಿಸಿ ಅವಳ ಅಂಗೈಗೆ ಅರ್ಧ ತಿಳಿಯಿತು, ಅರ್ಧ ತಿಳಿಯಲಿಲ್ಲ. ಜಾರೀತೆಂದು ಕಣ್ಣು ಕೀಳದೆ ನೋಡುತ್ತ, ಮಡಚಿದ ಬೆರಳುಗಳ ನಡುವೆ ಅದನ್ನು ಭದ್ರವಾಗಿ ಹಿಡಿದಿದ್ದಳು.

ಹೊರಗಿನಿಂದ ಕಾಮಣ್ಣ ಕೂಗಿದ. "ಮಿರಜ ರೈಲು ಬಂತು! ಗಾಡಿ ತಗೊಳ್ಳಾಕ ಮಂದಿ ನಿಂತಾರ!"

"ನಿಂದರಲಿ ಅನ್ರಿ," ಎಂದು ಹೊಳೆವ್ವ ಇನ್ನೊಂದು ತಂಬಿಗೆ ತುಂಬಿಕೊಂಡಳು.